ಸಾಲಿಗೊಂದು ಹೂವು

ಸಾಲಿಗೆ ಒಂದರಂತೆ ಆರು ಹೂವು ಉಳಿದಿದ್ದವು. ಕಾಫಿ ಲೋಟ ಹಿಡಿದು ಮುಂಬಾಗಿಲು ತೆರೆದ ದೇವಕಿ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ಕಣ್ಣೇ ಮೋಸ ಮಾಡುತ್ತಿದೆಯೇನೋ ಎಂದುಕೊಂಡು ಬರಿಗಾಲಲ್ಲಿ ಇಳಿದು ಪಾತಿಯ ಹತ್ತಿರ ಹೋದಳು. ಕಣ್ಣು ಸರಿಯಾಗಿಯೇ ಇತ್ತು. ನಿನ್ನೆ ಸಂಜೆ ಎರಡೆರಡು ಸಲ ಎಣಿಸಿ, ನೂರಹದಿನಾಲ್ಕು ಎಂದು ಖಾತ್ರಿ ಮಾಡಿಕೊಂಡು ಒಳಗೆ ಹೋಗಿದ್ದಳು. ಈಗ ಆ ಆರು ಬಿಟ್ಟರೆ ಉಳಿದದ್ದು ಮಣ್ಣಿನಿಂದ ಬೆರಳುದ್ದ ಎದ್ದ ಬಿಳಿ ಕೊಳವೆಗಳು ಮಾತ್ರ. ಪ್ರತಿಯೊಂದರ ತಲೆಯನ್ನೂ ಯಾರೋ ಅಚ್ಚುಕಟ್ಟಾಗಿ ಚಿವುಟಿದ್ದರು.

ಮೊದಲು ಬಸವನಹುಳುಗಳ ಮೇಲೆ ಸಂಶಯ ಬಂತು. ಆದರೆ ಹುಳು ತಿಂದರೆ ಅಂಟು ಗೆರೆ ಇರಬೇಕು, ಚಿಂದಿಯಾದ ಎಸಳು ಬಿದ್ದಿರಬೇಕು. ರಾತ್ರಿ ಮರದಿಂದಿಳಿದು ತೋಟಕ್ಕೆ ನುಗ್ಗುವ ಇಲ್ಲಿನ ಪಾಸಮ್ ಬಂದಿದ್ದರೆ ಮಣ್ಣನ್ನು ಕೆದರಿ ರಂಪ ಮಾಡಿರುತ್ತಿತ್ತು. ಯಾವ ಪ್ರಾಣಿಯೂ ಸಾಲಿಗೊಂದು ಹೂವನ್ನು ನೆನಪಿಟ್ಟು ಬಿಟ್ಟುಹೋಗುವುದಿಲ್ಲ. ಗಿಡವನ್ನು ಬೋಳು ಮಾಡಬಾರದು, ಒಂದಾದರೂ ಉಳಿಸಬೇಕು ಎಂಬ ನೇಮ ಇರುವುದು ಒಂದೇ ಜಾತಿಯ ಪ್ರಾಣಿಗೆ. ನೂರಹದಿನಾಲ್ಕರಲ್ಲಿ ಆರು ಕಳೆದರೆ ಎಷ್ಟೆಂದು ಅವಳ ತಲೆ ತಾನಾಗಿಯೇ ಲೆಕ್ಕ ಹಾಕಿತು. ನೂರೆಂಟು. ಅಷ್ಟೋತ್ತರ.

ಆಗ ಅವಳಿಗೆ ಬಂದ ಸಿಟ್ಟು ಸಾಮಾನ್ಯದ್ದಲ್ಲ. ಲೋಟದಲ್ಲಿದ್ದ ಕಾಫಿಯನ್ನು ಹುಲ್ಲಿಗೆ ಚೆಲ್ಲಿದಳು.

ಮೂರು ಮನೆ ಆಚೆ ಉತ್ತಮ್ ಮತ್ತು ಪ್ರಣತಿಯ ಮನೆ. ಉತ್ತಮನ ತಂದೆ ರಮಾಕಾಂತ್ ಫೆಬ್ರವರಿಯಲ್ಲಿ ಮೈಸೂರಿನಿಂದ ಅಡಿಲೇಡಿಗೆ ಬಂದಿದ್ದರು. ಅಂಚೆ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಎಪ್ಪತ್ತೊಂದರಲ್ಲೂ ಬೆನ್ನು ನೆಟ್ಟಗೆ. ಬೆಳಕು ಹರಿಯುತ್ತಲೇ ಮಂಕಿ ಕ್ಯಾಪ್ ಹಾಕಿಕೊಂಡು, ಮೈಸೂರಿನ ಯಾವುದೋ ಸ್ವೀಟ್ ಅಂಗಡಿಯ ಪ್ಲಾಸ್ಟಿಕ್ ಕವರನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ವಾಕಿಂಗ್ ಹೊರಡುವರು. ಮರಳುವಾಗ ಕವರ್ ಉಬ್ಬಿರುತ್ತಿತ್ತು. ದೇವಕಿಯ ಬೇಲಿಯ ದಾಸವಾಳ ಅದರೊಳಗೆ ಹೋಗುವುದನ್ನು ಅವಳು ಎರಡು ತಿಂಗಳಿಂದ ನೋಡಿದ್ದಳು. ಸುಮ್ಮನಿದ್ದಳು. ಅವಳು ಹುಟ್ಟಿ ಬೆಳೆದ ಅರಸೀಕೆರೆಯಲ್ಲೂ ಬೆಳಗಿನ ಜಾವ ಕೊಕ್ಕೆ ಕೋಲು ಹಿಡಿದು ಕಾಂಪೌಂಡಿನಾಚೆಯಿಂದ ಕೊಂಬೆ ಬಗ್ಗಿಸುವವರು ಇದ್ದರು. ಅವಳಮ್ಮ ಕಿಟಕಿಯಿಂದ ಗದರಿದರೆ "ದೇವರಿಗೆ ಕಣಮ್ಮ" ಎಂಬ ಒಂದೇ ಉತ್ತರ. ಅದರ ಮುಂದೆ ಯಾರ ಮಾತೂ ನಡೆಯುತ್ತಿರಲಿಲ್ಲ. ಕಳ್ಳತನಕ್ಕೆ ದೇವರು ಜಾಮೀನು ನಿಂತರೆ ಯಾವ ಕೋರ್ಟು ಏನು ಮಾಡೀತು?

ಆದರೆ ಇದು ದಾಸವಾಳವಾಗಿರಲಿಲ್ಲ. ಇದು ಕೇಸರಿ. ಮತ್ತು ಇವತ್ತು ಶನಿವಾರ. ಒಂಬತ್ತೂವರೆಗೆ ಜ್ಯೂಡಿ ಬರುವವಳಿದ್ದಳು.

ಜ್ಯೂಡಿ ಅಡಿಲೇಡಿನ ಬೆಟ್ಟಗಳ ಕಡೆ ಒಂದು ದೊಡ್ಡ ನರ್ಸರಿ ನಡೆಸುತ್ತಿದ್ದಳು. ಅಲ್ಲಿ ಗಡ್ಡೆ ಗಿಡಗಳ ವಿಭಾಗ ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ದೇವಕಿ ಊರಿನಲ್ಲಿ ತೋಟಗಾರಿಕೆ ಎಂಎಸ್ಸಿ ಮಾಡಿ ಒಂಬತ್ತು ವರ್ಷ ಸರ್ಕಾರಿ ಫಾರಂನಲ್ಲಿ ಅಧಿಕಾರಿಯಾಗಿದ್ದವಳು. ಗಂಡ ಸಂದೀಪನ ವೀಸಾದ ಬಾಲ ಹಿಡಿದು ಅಡಿಲೇಡಿನ ಈ ಪ್ರಾಸ್ಪೆಕ್ಟ್ ಬಡಾವಣೆಗೆ ಬಂದು ಆರು ವರ್ಷವಾಗಿತ್ತು. ನಲವತ್ತೆರಡು ಕಡೆ ಅರ್ಜಿ ಹಾಕಿದ್ದಳು. ಎಲ್ಲ ಕಡೆಯೂ ಅದೇ ರಾಗ: ಈ ದೇಶದಲ್ಲಿ ಮಾಡಿದ ಅನುಭವ ಎಲ್ಲಿ? ಅನುಭವಕ್ಕೆ ಕೆಲಸ ಬೇಕು, ಕೆಲಸಕ್ಕೆ ಅನುಭವ ಬೇಕು. ಹುಚ್ಚು ಬಿಡದೆ ಮದುವೆ ಇಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ. ಕೊನೆಗೆ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಹಣ್ಣು ಹೆಚ್ಚುವ ಕೆಲಸಕ್ಕೆ ಸೇರಿ ಮೂರು ವರ್ಷದಿಂದ ಕಲ್ಲಂಗಡಿಯ ಬೀಜ ತೆಗೆಯುತ್ತಿದ್ದಳು. ಫೋನಿನಲ್ಲಿ ಜ್ಯೂಡಿ ಒಬ್ಬಳೇ ಬೇರೆ ಮಾತಾಡಿದ್ದು. ಸರ್ಟಿಫಿಕೇಟು ಏನೂ ಹೇಳುವುದಿಲ್ಲ, ನೀನು ಬೆಳೆದದ್ದನ್ನು ತೋರಿಸು, ಹೂ ಬಿಟ್ಟಾಗ ಕರೆ, ಬಂದು ನೋಡುತ್ತೇನೆ ಎಂದಿದ್ದಳು.

ಕೇಸರಿ ಹೂ ಬಿಡುವುದು ವರ್ಷಕ್ಕೊಮ್ಮೆ, ಇಲ್ಲಿ ಶರತ್ಕಾಲ ಕಾಲಿಡುವ ಏಪ್ರಿಲಿನಲ್ಲಿ. ಅದೂ ಎರಡು ವಾರ, ಅದರಲ್ಲೂ ತುಂಬಿ ಬರುವುದು ಎರಡೋ ಮೂರೋ ದಿನ. ಮೂರು ವರ್ಷದ ಹಿಂದೆ ಮನೆ ಮುಂದಿನ ಹುಲ್ಲು ಕಿತ್ತು ನಲವತ್ತು ಗಡ್ಡೆ ಹೂಳಿದ್ದಳು. ಮೊದಲ ವರ್ಷ ಬಂದದ್ದು ನಾಲ್ಕು ಹೂವು. ಕೇಸರಿ ಬೇಕಿದ್ದರೆ ಪ್ರಾಸ್ಪೆಕ್ಟ್ ರೋಡಿನ ಅಂಗಡಿಯಲ್ಲಿ ಡಬ್ಬಿ ಸಿಗುತ್ತದೆ ಎಂದು ಸಂದೀಪ ತಮಾಷೆ ಮಾಡಿದ್ದ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಬಿಸಿಲಿಗೆ ಪಾತಿ ಬಿರುಕು ಬಿಟ್ಟಾಗ ನೀರು ಹಾಕಲೇ ಎಂದು ಕೈ ತುಡಿಯುತ್ತಿತ್ತು. ಮಲಗಿದ ಗಡ್ಡೆಗೆ ನೀರು ಬಿದ್ದರೆ ಕೊಳೆಯುತ್ತದೆ ಎಂದು ಕೈ ಕಟ್ಟಿಕೊಂಡು ಕೂತಿದ್ದಳು. ಗಡ್ಡೆ ಒಳಗೊಳಗೇ ಮರಿ ಹಾಕುತ್ತಾ ಹೋಗಿ ಈ ವರ್ಷ ಪಾತಿ ತುಂಬಿತು. ಹೂವನ್ನು ಬೆಳಗ್ಗೆ ಅರಳುವ ಮೊದಲೇ ಬಿಡಿಸಿಬಿಡುವುದು ಅವಳ ಕ್ರಮ. ಗುರುವಾರದಿಂದ ಬೇಕೆಂದೇ ಬಿಡಿಸದೆ ಬಿಟ್ಟಿದ್ದಳು. ಜ್ಯೂಡಿ ಬಂದಾಗ ಪಾತಿಯ ತುಂಬ ತಿಳಿನೇರಳೆ ಕಾಣಬೇಕು, ಒಂದೊಂದು ಹೂವಿನಿಂದಲೂ ಮೂರು ಮೂರು ಕೆಂಪು ಎಳೆ ಹೊರಗೆ ಇಣುಕುತ್ತಿರಬೇಕು ಎಂದು.

ಮಗಳು ಮಾಲವಿಕಾ ಡೋರ್‌ಬೆಲ್ ಕ್ಯಾಮೆರಾದಲ್ಲಿ ನೋಡೋಣ ಎಂದು ಫೋನು ಹಿಡಿದು ಬಂದಳು. ಆರು ಐವತ್ತೆರಡಕ್ಕೆ ರಮಾಕಾಂತ್ ಗೇಟು ತೆಗೆದು ಒಳಗೆ ಬಂದಿದ್ದರು. ಚಪ್ಪಲಿಯನ್ನು ಪಾತಿಯಿಂದ ದೂರ ಬಿಟ್ಟಿದ್ದರು. ಕಣ್ಣು ಮುಚ್ಚಿ, ಹೂಗಳಿಗೆ ಕೈ ಮುಗಿದು, ತುಟಿ ಅಲ್ಲಾಡಿಸುತ್ತಾ ಏನೋ ಹೇಳಿಕೊಂಡಿದ್ದರು. ಆಮೇಲೆ ಬಗ್ಗಿ, ಒಂದೊಂದನ್ನೇ ಹೆಬ್ಬೆರಳು ತೋರುಬೆರಳಿನಲ್ಲಿ ಮೃದುವಾಗಿ ಚಿವುಟಿ ಕವರಿಗೆ ಹಾಕಿಕೊಂಡಿದ್ದರು.

"ಮಮ್, ಹಿ ಲಿಟರಲಿ ಪ್ರೇಯ್ಡ್ ಟು ದೆಮ್ ಫಸ್ಟ್," ಎಂದಳು ಮಾಲವಿಕಾ, ಅಚ್ಚರಿಯಿಂದ.

ಕೀಳುವ ಮೊದಲು ಗಿಡದ ಅನುಮತಿ ಕೇಳಬೇಕೆಂಬುದು ದೇವಕಿಗೂ ಗೊತ್ತಿತ್ತು. ಸರಿ, ಗಿಡವನ್ನು ಕೇಳಿದರು. ನೆಟ್ಟವಳು ಹನ್ನೆರಡು ಅಡಿ ದೂರದಲ್ಲಿ, ಗೋಡೆಯ ಆ ಕಡೆ, ಜ್ಯೂಡಿಗೆಂದು ಬಾಳೆಹಣ್ಣಿನ ಕೇಕನ್ನು ಓವನ್ನಿಗೆ ಇಡುತ್ತಿದ್ದಳು. ಅವಳನ್ನು ಕೇಳಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲವೇನೋ.

ಸಂದೀಪ ಹಲ್ಲುಜ್ಜುತ್ತಲೇ ಬಂದು ನೋಡಿದ. ಅಯ್ಯೋ ಎಂದ. ಅಷ್ಟೇ ಬೇಗ ಸಮಾಧಾನವನ್ನೂ ಮಾಡಿಕೊಂಡ. ಹೂವೇ ತಾನೆ, ವಯಸ್ಸಾದವರು, ಗೊತ್ತಿಲ್ಲದೆ ಮಾಡಿದ್ದಾರೆ, ಜ್ಯೂಡಿಗೆ ಫೋಟೋ ತೋರಿಸಿದರಾಯಿತು ಎಂದ. ನೀನು ಹೋಗಿ ಏನಾದರೂ ಅಂದರೆ ನಾಳೆ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲೆಲ್ಲ ಅದೇ ಮಾತು, ದೇವಕಿ ದೇವರ ಹೂವಿಗೆ ಜಗಳ ಆಡಿದಳಂತೆ ಎಂದು. ಅವನ ಮಾತಿನಲ್ಲಿ ಒಂದೂ ಕೆಟ್ಟದ್ದಿರಲಿಲ್ಲ. ಅದೇ ಅವಳಿಗೆ ತಡೆಯಲಾಗದ್ದು. ಈ ಮನುಷ್ಯನ ಲ್ಯಾಪ್‌ಟಾಪನ್ನು ಯಾರಾದರೂ ಒಯ್ದು ದೇವರ ಮುಂದಿಟ್ಟು ಕುಂಕುಮ ಹಚ್ಚಿದ್ದರೆ ಲ್ಯಾಪ್‌ಟಾಪೇ ತಾನೆ ಎನ್ನುತ್ತಿದ್ದನೇ?

"ಮೂರು ವರ್ಷ ಸಂದೀಪ," ಎಂದಳು. "ಅವರು ಕಿತ್ತಿದ್ದು ಹೂವಲ್ಲ, ನನ್ನ ಇಂಟರ್‌ವ್ಯೂ."

ಬೂಟು ತೊಟ್ಟು ಹೊರಟಳು. ಹಿಂದಿನಿಂದ ಅವನು ಕರೆದದ್ದು ಕೇಳಿಸಿದರೂ ತಿರುಗಲಿಲ್ಲ.

ಪ್ರಣತಿ ನಗುನಗುತ್ತಾ ಬಾಗಿಲು ತೆಗೆದಳು. ಎಷ್ಟು ಕೋಪವಿದ್ದರೂ ದೇವಕಿಯ ಕಾಲು ಹೊಸಿಲಿನ ಆಚೆಯೇ ಬೂಟು ಕಳಚಿತು. ಒಳಗೆ ಘಂಟೆಯ ಸದ್ದು. ಅಡುಗೆಮನೆಯ ಪಕ್ಕದ ಸಾಮಾನು ಕೋಣೆಯ ಮೇಲಿನ ಎರಡು ಹಲಗೆ ಖಾಲಿ ಮಾಡಿ ದೇವರ ಮನೆ ಮಾಡಿದ್ದರು. ಊದುಬತ್ತಿಗೆ ಕೂಗಿಕೊಳ್ಳದಿರಲೆಂದು ಸೂರಿನ ಸ್ಮೋಕ್ ಅಲಾರಮ್ಮಿಗೆ ಶವರ್ ಕ್ಯಾಪ್ ತೊಡಿಸಿದ್ದರು. ಕೆಳಗಿನ ಹಲಗೆಯಲ್ಲಿ ಬೇಳೆ ಡಬ್ಬಗಳು, ಮೇಲೆ ವೆಂಕಟರಮಣ. ಆ ವೆಂಕಟರಮಣನ ಕುತ್ತಿಗೆಯವರೆಗೂ ಅವಳ ಹೂವು. ಪಾದದ ಮೇಲೆ ರಾಶಿ, ಲಕ್ಷ್ಮಿಯ ಮುಡಿಯಲ್ಲಿ ಎರಡು, ಗಣಪತಿಯ ಸೊಂಡಿಲಿನ ಮೇಲೆ ಒಂದು, ಫೋಟೋಗಳ ಸಂದಿಗೊಂದೊಂದು. ಮಣ್ಣಿನ ಮೇಲೆ ನೋಡಿದ್ದಕ್ಕಿಂತ ಇಲ್ಲಿ ಆ ನೇರಳೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು ಎಂಬುದು ಅವಳ ಹೊಟ್ಟೆಗೆ ಮತ್ತಷ್ಟು ಬೆಂಕಿ ಹಾಕಿತು.

ರಮಾಕಾಂತ್ ಆರತಿ ತಟ್ಟೆ ಹಿಡಿದು ತಿರುಗಿದರು. ಮುಖ ಅರಳಿತು.

"ಒಳ್ಳೆ ಹೊತ್ತಿಗೆ ಬಂದೆ ನೋಡಮ್ಮ. ತಗೋ."

ದೇವಕಿಯ ಎರಡೂ ಕೈ ತಾವಾಗಿಯೇ ಆರತಿಯ ಮೇಲೆ ಹೋಗಿ ಕಣ್ಣಿಗೆ ಒತ್ತಿಕೊಂಡವು. ತೀರ್ಥಕ್ಕೆ ಬಲಗೈ ಚಾಚಿತು, ಕುಡಿದು ತಲೆಗೆ ಒರೆಸಿಕೊಂಡಿತು. ನಲವತ್ತನಾಲ್ಕು ವರ್ಷದಿಂದ ಪಳಗಿದ ಕೈ, ಮಾಲೀಕಳ ಸಿಟ್ಟು ಅದಕ್ಕೆ ಗೊತ್ತಾಗಲಿಲ್ಲ. ಆಮೇಲೆ ಅವರು ವೆಂಕಟರಮಣನ ಪಾದದಿಂದ ಒಂದು ಹೂವೆತ್ತಿ ಅವಳ ಅಂಗೈಗೆ ಹಾಕಿದರು.

"ಹೂ ಪ್ರಸಾದ. ಮುಡ್ಕೊ."

ತನ್ನ ಹೂವು ತನಗೇ ಪ್ರಸಾದವಾಗಿ ಬಂದಿತ್ತು. ಮೂರು ಕೆಂಪು ಎಳೆಗಳ ಮೇಲೂ ಕುಂಕುಮ ಬಿದ್ದಿತ್ತು.

"ಅಂಕಲ್, ಇದು ನಮ್ಮನೆ ಹೂವು."

"ಹೂಂ ಮತ್ತೆ. ನಿಮ್ಮನೇದೇ. ಎಷ್ಟು ಚೆನ್ನಾಗಿ ಬೆಳೆಸಿದೀಯ. ನೂರೆಂಟಕ್ಕೆ ಸರಿಯಾಗಿ ಸಿಕ್ತು, ಮೇಲೆ ಸಾಲಿಗೊಂದು ಉಳೀತು. ನಾವು ಲೆಕ್ಕ ಹಾಕಿದ್ರೂ ಹಾಗೆ ಬರಲ್ಲ. ಅವನ ಲೆಕ್ಕ ಅದು."

"ಇದು ಕೇಸರಿ ಹೂವು ಅಂಕಲ್. ಇವತ್ತು ಒಬ್ಬರಿಗೆ ತೋರಿಸೋಕೆ ಅಂತ ಬಿಟ್ಟಿದ್ದೆ. ಇನ್ನೊಂದು ಗಂಟೇಲಿ ಬರ್ತಾರೆ ಅವರು. ನನ್ನ ಕೆಲಸದ ವಿಷಯ."

ಪ್ರಣತಿಯ ನಗು ನಿಂತಿತು. ರಮಾಕಾಂತ್ ಮಾತ್ರ ಇನ್ನೂ ಸಂತೋಷಪಟ್ಟರು. ಕೇಸರಿಯೇ, ಕೇಸರಿ ಎಂದರೆ ಕೇಸರಿ ಬಣ್ಣದ ಹೂವಿರಬೇಕು ಎಂದುಕೊಂಡಿದ್ದೆನಲ್ಲ, ನೂರೆಂಟು ಕೇಸರಿ ಹೂವಿನ ಅರ್ಚನೆ ಎಂದರೆ ರಾಜಮಹಾರಾಜರಿಗೂ ಆಗದ್ದು, ಅದರ ಪುಣ್ಯದಲ್ಲಿ ದೊಡ್ಡ ಪಾಲು ನಿನಗೇ ಬರುತ್ತದೆ, ಕೆಲಸ ಆಗಿಯೇ ಆಗುತ್ತದೆ ಎಂದರು. ಯಾರದ್ದೋ ದುಡ್ಡು, ಯಲ್ಲಮ್ಮನ ಜಾತ್ರೆ. ಆ ಯಾರದ್ದೋ ಎನ್ನುವವಳಿಗೆ ಪುಣ್ಯದ ಪಾಲು ಬೇರೆ.

"ಕೇಳಬಹುದಿತ್ತಲ್ಲ ಅಂಕಲ್. ಒಂದ್ಸಲ ಬೆಲ್ ಒತ್ತಬಹುದಿತ್ತಲ್ಲ."

"ಅಷ್ಟು ಹೊತ್ತಿಗೆ ಎಬ್ಬಿಸೋದು ಬೇಡ ಅಂತ. ಮತ್ತೆ ನಮ್ಮೋರ ಮನೆ ಅಲ್ವೇನಮ್ಮ. ಬೇರೆಯವರ ಮನೆ ಹೂವಿಗೆ ನಾನು ಕೈ ಹಾಕಲ್ಲ, ಬೇಕಾದ್ರೆ ಪ್ರಣತೀನ ಕೇಳು."

ಇದು ನಿಜ. ದೇವಕಿಯ ಎದುರು ಮನೆ ಕೆವಿನ್‌ನದು. ಅವನ ಗೇಟಿನ ಪಕ್ಕ ಮಾರುದ್ದ ಗುಲಾಬಿ, ಬೇಲಿಯಾಚೆ ರಸ್ತೆಗೇ ಬಾಗಿತ್ತು. ಒಂದು ಎಸಳೂ ಈ ಕವರಿಗೆ ಬಿದ್ದದ್ದಿಲ್ಲ. ಅವರು ದಿನಾ ಅದರ ಮುಂದೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ನೋಡಿ ಮುಂದೆ ಹೋಗುತ್ತಿದ್ದರು. ಅದನ್ನು ನೆನೆದಾಗ ದೇವಕಿಗೆ ತನ್ನ ಸಿಟ್ಟಿನ ಬೇರು ಕೈಗೆ ಸಿಕ್ಕಿತು.

"ಕೆವಿನ್ ಮನೆ ಗುಲಾಬಿ ದೇವರಿಗೆ ಆಗಲ್ವಾ ಅಂಕಲ್? ಅವನ್ನ ಕಂಡ್ರೆ ಭಯ, ಅದಕ್ಕೇ ಮರ್ಯಾದೆ. ನಾವು ನಮ್ಮೋರು, ನಮ್ಮನ್ನ ಕೇಳೋದೇ ಬೇಡ. ಇಲ್ಲಿ ಆರು ವರ್ಷದಿಂದ ಎಲ್ಲಾರೂ ನನ್ನ ಹಾಗೇ ನೋಡಿರೋದು, ಇದ್ದೂ ಇಲ್ಲದ ಹಾಗೆ. ನೀವೂ ಹಾಗೇ ಮಾಡಿದ್ರಿ."

ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತೇನೋ, ಹಿರಿಯರ ಮುಂದೆ ಕಿರುಚಿದಳು ಎಂದು ಅವಳನ್ನೇ ತಪ್ಪಿತಸ್ಥೆ ಮಾಡಬಹುದಿತ್ತು. ರಮಾಕಾಂತರ ಕೈಯ ಆರತಿ ತಟ್ಟೆಯಲ್ಲಿ ಕರ್ಪೂರ ತಾನಾಗಿ ಆರಿತು. ದೇವಕಿ ಅಡುಗೆ ಕಟ್ಟೆಯ ಮೇಲಿದ್ದ ಸ್ಟೀಲ್ ತಟ್ಟೆ ಎಳೆದುಕೊಂಡು ವೆಂಕಟರಮಣನ ಪಾದದಿಂದ ಹೂಗಳನ್ನು ಎತ್ತಿ ಹಾಕತೊಡಗಿದಳು.

"ದೇವಕಿ ಅಕ್ಕಾ," ಎಂದಳು ಪ್ರಣತಿ.

ದೇವರ ಮೇಲಿನ ಹೂವನ್ನು ಸಂಜೆಯವರೆಗೆ ಮುಟ್ಟಬಾರದಮ್ಮ ಎಂದು ರಮಾಕಾಂತ್ ಮೆಲ್ಲಗೆ ಹೇಳಿದರು. ಬೇರೆಯವರ ಪಾತಿಯ ಹೂವನ್ನೂ ಮುಟ್ಟಬಾರದು ಎಂದಳು ದೇವಕಿ. ಚಿಕ್ಕಂದಿನಲ್ಲಿ ಹೀಗೆ ಮಾಡಿದ್ದರೆ ಅಮ್ಮ ಬೆನ್ನಿಗೆ ಎರಡು ಬಿಗಿದಿರುತ್ತಿದ್ದಳು. ಆದರೂ ನಿಲ್ಲಿಸಲಿಲ್ಲ. ಲಕ್ಷ್ಮಿಯ ಮುಡಿಗೆ ಕೈ ಹೋಗುವಷ್ಟರಲ್ಲಿ ಬಾಗಿಲ ಬಳಿ ಮಾಲವಿಕಾಳ ದನಿ ಕೇಳಿಸಿತು, ಜೊತೆಗೆ ಇನ್ನೊಂದು ಗಟ್ಟಿ ದನಿ. ರಸ್ತೆ ಖಾಲಿಯಿತ್ತೆಂದು ಜ್ಯೂಡಿ ಮುಕ್ಕಾಲು ಗಂಟೆ ಮೊದಲೇ ಬಂದಿದ್ದಳು. ಅಮ್ಮ ಇಲ್ಲಿದ್ದಾಳೆಂದು ಮಗಳು ನೇರವಾಗಿ ಕರೆದುಕೊಂಡೇ ಬಂದಿದ್ದಳು.

ಜ್ಯೂಡಿಗೆ ಅರವತ್ತರ ಹತ್ತಿರ. ಬಿಸಿಲಿಗೆ ಬೆಂದ ಮುಖ, ಮಂಡಿಯ ಹತ್ತಿರ ಮಣ್ಣು ಹತ್ತಿದ ಪ್ಯಾಂಟು. ಅವಳು ಒಳಗೆ ಬಂದು, ಹಲಗೆಯ ಮೇಲಿನ ದೀಪ, ನೇರಳೆ ಹೂವಿನ ನಡುವಿನ ದೇವರು, ಪಂಚೆಯುಟ್ಟು ಹಣೆಗೆ ನಾಮ ಹಚ್ಚಿದ ಮುದುಕರು, ಇಷ್ಟನ್ನೂ ನೋಡಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಇಷ್ಟು ಸುಂದರವಾದದ್ದನ್ನು ನಾನು ಎಲ್ಲೂ ನೋಡಿಲ್ಲ ಎಂದಳು. ಫೋಟೋ ತೆಗೆಯಬಹುದೇ ಎಂದು ರಮಾಕಾಂತರನ್ನು ಕೇಳಿದಳು. ಒಂದು ಕ್ಷಣದ ಹಿಂದೆ ಮುಖ ಕೆಳಗೆ ಮಾಡಿದ್ದ ರಮಾಕಾಂತ್ ಬೆನ್ನು ನೆಟ್ಟಗೆ ಮಾಡಿದರು. ಮೂವತ್ತೆಂಟು ವರ್ಷದ ಇಲಾಖೆಯ ಇಂಗ್ಲಿಷು ಹೊರಬಂತು. ನೂರೆಂಟು ನಾಮ ಏಕೆ, ಒಂದೊಂದು ನಾಮಕ್ಕೆ ಒಂದೊಂದು ಹೂವು ಏಕೆ, ಹೂವನ್ನು ಏಕೆ ಮೂಸಿ ನೋಡಬಾರದು, ಎಲ್ಲವನ್ನೂ ವಿವರಿಸಿದರು, ಇವೆಲ್ಲ ದೇವಕಿಯ ಪಾತಿಯ ಹೂವೆಂದೂ ಹೇಳಿದರು. ಜ್ಯೂಡಿ ತಲೆದೂಗಿದ್ದೇ ತಲೆದೂಗಿದ್ದು. ಪ್ರಣತಿಗೆ ಹೋದ ಜೀವ ಬಂದಂತಾಗಿ ಎಲ್ಲರಿಗೂ ಕಾಫಿ ಕೊಟ್ಟಳು.

ದೇವಕಿ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಅವಳ ಕೈಯಲ್ಲಿದ್ದ ತಟ್ಟೆಯೂ ಪೂಜೆಯ ಒಂದು ಭಾಗವೆಂದು ಜ್ಯೂಡಿ ತಿಳಿದುಕೊಂಡಳು. ಅದರ ಫೋಟೋವನ್ನೂ ತೆಗೆದಳು. ತಟ್ಟೆಯನ್ನು ಮಾತ್ರ, ಹಿಡಿದವಳ ಕುತ್ತಿಗೆಯಿಂದ ಕೆಳಕ್ಕೆ.

ಇಪ್ಪತ್ತು ನಿಮಿಷ ಕಳೆದಿತ್ತು. ಬರೋಸಾ ಕಣಿವೆಯಲ್ಲಿ ಇದೇ ಕೆಲಸಕ್ಕೆ ಇನ್ನೊಬ್ಬರನ್ನು ನೋಡುವುದಿದೆ ಎಂದು ಜ್ಯೂಡಿ ಎದ್ದಳು. ಕಾರಿನವರೆಗೆ ದೇವಕಿ ತಟ್ಟೆ ಹಿಡಿದೇ ಜೊತೆಯಲ್ಲಿ ನಡೆದಳು. ಕಾರು ನಿಂತಿದ್ದದ್ದು ಅವಳ ಮನೆಯ ಮುಂದೆಯೇ, ಪಾತಿಯಿಂದ ನಾಲ್ಕು ಹೆಜ್ಜೆ ಆಚೆ. ಎಂಥ ಒಳ್ಳೆ ಜನ ನಿಮ್ಮವರು, ಇಂಥ ಬೆಳಗು ಕಂಡು ಎಷ್ಟು ದಿನವಾಯಿತೋ, ಹೂ ಇಲ್ಲದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ, ಮುಂದಿನ ವರ್ಷ ನೋಡೋಣ, ಹೂವು ಒಳ್ಳೆಯ ಕೆಲಸಕ್ಕೇ ಹೋಯಿತಲ್ಲ ಎನ್ನುತ್ತಾ ಜ್ಯೂಡಿ ಬಾಗಿಲಿಗೆ ಕೈ ಹಾಕಿದಳು.

ಮುಂದಿನ ವರ್ಷ. ಅಂದರೆ ಇನ್ನೊಂದು ವರ್ಷದ ಕಲ್ಲಂಗಡಿ. ಯಾರೂ ಕೆಟ್ಟವರಲ್ಲದ ಒಂದು ಬೆಳಗಿನಲ್ಲಿ, ಎಲ್ಲರೂ ನಗುತ್ತಾ ಕಾಫಿ ಕುಡಿಯುತ್ತಿರುವಾಗಲೇ ಅವಳ ಕೆಲಸ ಹೋಗಿಬಿಟ್ಟಿತ್ತು. ದೇವಕಿ ಕಾರಿನ ಬಾಗಿಲಿನ ಮೇಲೆ ಅಂಗೈ ಊರಿದಳು. ಹೀಗೆ ಯಾರ ಕಾರನ್ನೂ ಅವಳು ತಡೆದವಳಲ್ಲ. ಇಂಗ್ಲಿಷಿನಲ್ಲಿ ಮಾತಾಡುವ ಮೊದಲು ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಳ್ಳುವ ಅಭ್ಯಾಸ. ಇವತ್ತು ಜೋಡಿಸುವಷ್ಟು ಪುರಸೊತ್ತಿರಲಿಲ್ಲ.

"ಒಳ್ಳೆಯ ಕೆಲಸಕ್ಕೆ ನಾನು ಕೊಡಲಿಲ್ಲ. ಅವರು ತಗೊಂಡರು. ನನ್ನನ್ನು ಕೇಳಲಿಲ್ಲ."

ಜ್ಯೂಡಿ ತಿರುಗಿ ನೋಡಿದಳು.

"ನೀವು ನನ್ನ ತೋಟ ನೋಡಲು ಬಂದಿರಿ. ನೋಡಿಲ್ಲ. ಇಷ್ಟು ಹೊತ್ತು ಒಂದು ಪ್ರಶ್ನೆಯನ್ನೂ ನನಗೆ ಕೇಳಲಿಲ್ಲ. ಹೂವನ್ನು ಯಾರು ಬೇಕಾದರೂ ಕೀಳಬಹುದು, ಜ್ಯೂಡಿ. ಗಡ್ಡೆ ನೋಡಿ."

ಉತ್ತರಕ್ಕೆ ಕಾಯಲಿಲ್ಲ. ತಟ್ಟೆಯನ್ನು ಹುಲ್ಲಿನ ಮೇಲಿಟ್ಟು ಪಾತಿಯ ಬದಿಗೆ ಮಂಡಿಯೂರಿದಳು. ಇವತ್ತಿಗೆಂದು ಉಟ್ಟ ಒಳ್ಳೆಯ ಕಾಟನ್ ಸೀರೆ. ಕೈಗುದ್ದಲಿ ಹುಡುಕದೆ ಬೆರಳಿನಿಂದಲೇ ಮೊದಲ ಸಾಲಿನ ತುದಿಯ ಮಣ್ಣು ಬಗೆದಳು. ಮೇಲೆ ಮಣ್ಣು, ಕೆಳಗೆ ಮರಳು ಬೆರೆಸಿದ ಪದರ, ಅದರ ಕೆಳಗೆ ಗೇಣುದ್ದ ಆಳದಲ್ಲಿ ಗಡ್ಡೆ. ಎತ್ತಿ, ಮಣ್ಣು ಕೊಡವಿ, ನಾರಿನ ಸಿಪ್ಪೆ ಸುಲಿದು ಅಂಗೈ ಮೇಲಿಟ್ಟು ಮೇಲಕ್ಕೆ ಚಾಚಿದಳು. ಸಣ್ಣ ಈರುಳ್ಳಿಯಷ್ಟು ದಪ್ಪ, ಗಟ್ಟಿ, ಒಂದು ಕಲೆಯಿಲ್ಲ. ಕೆಳಗೆ ಬಿಳಿ ಬೇರಿನ ಗಡ್ಡ. ಚಿವುಟಿದ ಕೊಳವೆಯ ಪಕ್ಕದಲ್ಲೇ ಇನ್ನೂ ಎರಡು ಮೊಳಕೆ ಮೂಗು ತೂರಿಸಿದ್ದವು.

ಜ್ಯೂಡಿ ಕಾರಿನ ಬಾಗಿಲು ಮುಚ್ಚಿದಳು. ಬಂದು ಎದುರಿಗೆ ಕೂತಳು. ಗಡ್ಡೆಯನ್ನು ತೆಗೆದುಕೊಂಡು ಉಗುರಿನಿಂದ ಒತ್ತಿ ನೋಡಿದಳು, ತಿರುಗಿಸಿ ಬುಡ ನೋಡಿದಳು. ಮೊದಲ ಸಲ ಅವಳ ಮುಖದ ಮೇಲಿನ ಆ ಮೆಚ್ಚುಗೆಯ ನಗು ಹೋಗಿ ಕೆಲಸಗಾತಿಯ ಮುಖ ಬಂತು. ಎಷ್ಟು ಹೂಳಿದ್ದೆ ಎಂದಳು. ನಲವತ್ತು. ಇಷ್ಟು ಬೇಗ ಇಷ್ಟಾಯಿತೇ? ಬೇಸಿಗೆಯಲ್ಲಿ ನೀರು? ಒಂದು ಹನಿಯೂ ಇಲ್ಲ. ಕೊಳೆ ರೋಗ? ಮೊದಲ ವರ್ಷ ಮೂರಕ್ಕೆ ಬಂದಿತ್ತು, ಕಿತ್ತು ಸುಟ್ಟೆ, ಸಾಲನ್ನು ಬೆರಳಗಲ ಎತ್ತರಿಸಿದೆ. ಪ್ರಶ್ನೆಗಳು ಚಿಕ್ಕವಾಗುತ್ತಾ ಹೋದವು, ಉತ್ತರಗಳು ಉದ್ದವಾಗುತ್ತಾ ಹೋದವು. ಹಣ್ಣು ಹೆಚ್ಚುವಾಗ ಮೂರು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತುಗಳೆಲ್ಲ ಹೊರಬಂದವು. ಬರೋಸಾದವರು ಎರಡು ಸಲ ಫೋನು ಮಾಡಿದರು. ಜ್ಯೂಡಿ ತೆಗೆಯಲಿಲ್ಲ.

ಅಷ್ಟರಲ್ಲಿ ರಮಾಕಾಂತ್ ಗೇಟಿನ ಆಚೆ ಬಂದು ನಿಂತಿದ್ದರು. ಒಳಗೆ ಬರಲಿಲ್ಲ. ಮಣ್ಣಿನ ಕೈಗಳನ್ನೂ, ಅಗೆದ ಗುಂಡಿಯನ್ನೂ, ತಲೆಯಿಲ್ಲದ ಕೊಳವೆಗಳ ಸಾಲನ್ನೂ ನೋಡುತ್ತಾ ನಿಂತಿದ್ದು, ಯಾವಾಗಲೋ ಹೊರಟುಹೋದರು.

ಜ್ಯೂಡಿಯ ಫೋನು ಬಂದದ್ದು ಸೋಮವಾರ ಮಧ್ಯಾಹ್ನ, ದೇವಕಿ ಪಪ್ಪಾಯಿ ಹೆಚ್ಚುತ್ತಿದ್ದಾಗ. ಮೇ ತಿಂಗಳಿಂದ ವಾರಕ್ಕೆ ಮೂರು ದಿನ ಬಾ, ಚಳಿಗಾಲ ಮುಗಿಯುವವರೆಗೆ ನೋಡೋಣ, ಆಮೇಲೆ ಪೂರ್ತಿ ಕೆಲಸದ ಮಾತು ಎಂದಳು. ದೇವಕಿಗೆ ಚಾಕುವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಫೋನು ಇಡುವ ಮೊದಲು ಜ್ಯೂಡಿ, ಹಾಗೇ ಆ ಮುದ್ದಾದ ಅಜ್ಜನನ್ನೂ ಒಮ್ಮೆ ನರ್ಸರಿಗೆ ಕರೆದುಕೊಂಡು ಬಾ ಎಂದಳು. ಬಂದ ಸಂತೋಷದ ನಡುವೆಯೂ ದೇವಕಿ ಹಲ್ಲು ಕಚ್ಚಿದಳು. ಸಂಜೆ ಸಂದೀಪನಿಗೆ ಹೇಳಿದಾಗ ಅವನು ನಗುತ್ತಾ, ನೋಡಿದೆಯಾ, ಕೊನೆಗೆ ಎಲ್ಲ ಒಳ್ಳೆಯದೇ ಆಯಿತಲ್ಲ, ಅಂಕಲ್ ಹೇಳಿದ ಹಾಗೆ ಪುಣ್ಯದ ಪಾಲು ಬಂತು ಎಂದ. ಅವಳು ಅವನಿಗೆ ಆ ರಾತ್ರಿ ಬರೀ ಮೊಸರನ್ನ ಬಡಿಸಿದಳು.

ಮಂಗಳವಾರ ಇನ್ನೂ ಮಬ್ಬಿರುವಾಗಲೇ ಪಾತಿಗೆ ಇಳಿದಳು. ಎರಡನೆಯ ಸುತ್ತಿನ ಹೂವು ಬಂದಿತ್ತು, ಮೊದಲಿನಷ್ಟಲ್ಲ, ಸಾಲಿಗೆ ಐದಾರು. ಬಿಗಿಯಾಗಿ ಸುತ್ತಿಕೊಂಡಿದ್ದ ಒಂದೊಂದನ್ನೂ ಚಿವುಟಿ ಬುಟ್ಟಿಗೆ ಹಾಕುತ್ತಿದ್ದಾಗ ಗೇಟಿನ ಹತ್ತಿರ ಕೆಮ್ಮು ಕೇಳಿಸಿತು. ರಮಾಕಾಂತ್ ನಿಂತಿದ್ದರು. ಮಂಕಿ ಕ್ಯಾಪನ್ನು ತೆಗೆದು ಕೈಯಲ್ಲಿ ಹಿಡಿದಿದ್ದರು. ಶನಿವಾರದ ನಂತರ ಅವರು ಈ ದಿಕ್ಕಿಗೆ ಬಂದಿರಲಿಲ್ಲ.

"ದೇವಕಿ, ಎರಡು ಹೂ ಕೇಳಬಹುದೇನಮ್ಮ?"

ತಗೊಳ್ಳಿ ಅಂಕಲ್, ಅದಕ್ಕೇನಂತೆ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು. ಆರತಿಗೆ ಕೈ ಚಾಚಿದಂತೆಯೇ ಅದೂ ತಾನಾಗಿ ಬರುವ ಮಾತು. ಹಿರಿಯರು ಬಾಯಿಬಿಟ್ಟು ಕೇಳಿದ ಮೇಲೆ ಕೊಡದಿರುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ದೇವಕಿ ಆ ಮಾತನ್ನು ನುಂಗಿದಳು.

"ಇಲ್ಲ ಅಂಕಲ್. ಇವತ್ತು ಎಲ್ಲಾ ನನಗೆ ಬೇಕು."

ಅವರು ಅವಳ ಮುಖವನ್ನು ನೋಡಿದರು. ಬುಟ್ಟಿಯನ್ನು ನೋಡಿದರು.

"ಆಯ್ತಮ್ಮ," ಎಂದರು.

ಹೋದರೆಂದುಕೊಂಡು ಅವಳು ಮತ್ತೆ ಬಗ್ಗಿದಳು. ಸಾಲಿನ ಕೊನೆ ಮುಟ್ಟಿ ತಲೆಯೆತ್ತಿದಾಗ ಅವರು ರಸ್ತೆಯ ಆಚೆ, ಕೆವಿನ್‌ನ ಗುಲಾಬಿಯ ಮುಂದೆ ಎಂದಿನಂತೆ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಆಮೇಲೆ ಗೇಟು ತೆಗೆದರು. ಕಲ್ಲು ಹಾಸಿದ ದಾರಿಯಲ್ಲಿ ನಿಧಾನವಾಗಿ ಒಳಗೆ ಹೋಗಿ, ಬಾಗಿಲ ಮುಂದೆ ಅಂಗಿಯ ತೋಳನ್ನು ಎಳೆದು ಸರಿಮಾಡಿಕೊಂಡರು, ಕೂದಲ ಮೇಲೆ ಒಮ್ಮೆ ಕೈಯಾಡಿಸಿಕೊಂಡರು. ಬೆಲ್ ಒತ್ತಿದರು. ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಬೆನ್ನ ಹಿಂದೆ ಕಟ್ಟಿದ ಕೈಗಳಲ್ಲಿ ಮೈಸೂರಿನ ಕವರ್ ನಾಲ್ಕು ಮಡಿಕೆಯಾಗಿ ಇತ್ತು. ಒಳಗಿನಿಂದ ಇನ್ನೂ ಯಾರೂ ಬಂದಿರಲಿಲ್ಲ.